ಅರ್ಜೆಂಟು ಮೇಷ್ಟ್ರ ನಾಲ್ಕು ಪುಟ

ಇನ್ನಾಸಪ್ಪ ಮೇಷ್ಟ್ರು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಉಳಿದಂತೆ ಅವರು ನಿಂತೇ ಇರುತ್ತಿದ್ದರು. ನಿಂತಿರುತ್ತಿದ್ದರು ಎಂದರೂ ಪೂರ್ತಿ ನಿಜವಲ್ಲ. ಎಡಗಾಲಿಂದ ಬಲಗಾಲಿಗೆ, ಬಲಗಾಲಿಂದ ಎಡಗಾಲಿಗೆ ಮೈಭಾರ ಹಾಕುತ್ತ, ಬಾಗಿಲ ಕಡೆ ಒಂದು ಕಣ್ಣಿಟ್ಟು, ಇನ್ನೇನು ಯಾರೋ ಕರೆದುಬಿಡುತ್ತಾರೆ ಎಂಬಂತೆ ಇರುತ್ತಿದ್ದರು. ಮನೆಯಿಂದ ಬಂದ ಬುತ್ತಿಯನ್ನು ನಿಂತು ಉಣ್ಣುತ್ತಿದ್ದರು. ಕಾಫಿಯನ್ನು ನಡೆಯುತ್ತ ಕುಡಿಯುತ್ತಿದ್ದರು, ಹಾಗಾಗಿ ಅಂಗಡಿಯ ನೆಲದ ಮೇಲೆ ಯಾವಾಗಲೂ ಕಾಫಿಯ ಹನಿಗಳ ಒಂದು ದಾರಿ ಇರುತ್ತಿತ್ತು. ಅವರ ಹೆಂಡತಿ ಫಿಲೋಮಿನಮ್ಮ ಹೇಳುತ್ತಿದ್ದರು: "ನಮ್ಮ ಮದುವೇಲಿ ಚರ್ಚಿನ ಸ್ವಾಮಿಗಳು ಆಶೀರ್ವಾದಕ್ಕೆ ಕೈ ಎತ್ತೋದ್ರೊಳಗೆ ಇವ್ರು ಮಂಡಿಯಿಂದ ಎದ್ದುಬಿಟ್ರು ಕಣ್ರೀ. ಅರ್ಧ ಆಶೀರ್ವಾದ ನನ್ ತಲೆಗೆ, ಇನ್ನರ್ಧ ಇವ್ರ ಹೊಟ್ಟೆಗೆ ಬಿತ್ತು."

ಬನಶಂಕರಿ ಎರಡನೇ ಸ್ಟೇಜಿನಲ್ಲಿ, ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ, ಅವರದೊಂದು ಸಣ್ಣ ಅಚ್ಚುಕೂಟವಿತ್ತು. ಮದುವೆಯ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿಯ ಕಾರ್ಡು, ಅಂಗಡಿಗಳ ಬಿಲ್ ಪುಸ್ತಕ ಇವೇ ಅಲ್ಲಿನ ಕೆಲಸ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ದಿನ ನನ್ನ ಮೈದುನನ ಲಗ್ನಪತ್ರಿಕೆ ಮಾಡಿಸಲು ಹೋದ ನಾನು, ಅವರು ಅಚ್ಚುಹಾಕಿ ಕೊಟ್ಟ ಮಾದರಿಯನ್ನು ಅಲ್ಲೇ ನಿಂತು ತಿದ್ದಿ ಕೊಟ್ಟೆ. ನಮ್ಮಜ್ಜಿಗೆ ಪುರಾಣ ಓದಿ ಹೇಳುತ್ತ ಬೆಳೆದವಳು ನಾನು. ಒಂದು ಅಕ್ಷರ ಜಾರಿದರೂ ಅಜ್ಜಿ ತೊಡೆಗೆ ಚಿವುಟುತ್ತಿದ್ದಳು. ಮೇಷ್ಟ್ರು ನನ್ನ ತಿದ್ದುಪಡಿ ನೋಡಿ, "ನಾಳೆಯಿಂದ ಬಂದ್ಬಿಡಿ ಸುಮಿತ್ರಮ್ನೋರೆ, ಪ್ರೂಫ್ ನೋಡೋಕೆ" ಎಂದರು. ಸಂಬಳ, ಹೊತ್ತು ಏನೂ ಮಾತಾಡಲಿಲ್ಲ. ನಾನು ಹೂಂ ಎನ್ನುವ ಮೊದಲೇ ಒಳಗೆ ಹೋಗಿ ಬೇರೇನೋ ಮಾಡುತ್ತಿದ್ದರು. ಹಾಗೆ ಶುರುವಾದದ್ದು, ಅಚ್ಚುಕೂಟ ಇರುವ ತನಕ ನಡೆಯಿತು.

ಅವರು ಹುಟ್ಟಿದ್ದು ಕನ್ನಡ ಮಾತಾಡುವ ಕ್ರೈಸ್ತರ ಮನೆಯಲ್ಲಿ. ಚಿಕ್ಕಂದಿನಲ್ಲೇ ಗುರುಮಠಕ್ಕೆ, ಅಂದರೆ ಪಾದ್ರಿಗಳಾಗುವವರು ಓದುವ ಮಠಕ್ಕೆ, ಸೇರಿಸಿದ್ದರಂತೆ. ಅಲ್ಲಿ ಲ್ಯಾಟಿನ್ ಕಲಿತರು. ಆದರೆ ಪಾದ್ರಿಯಾಗಲು ಇನ್ನೂ ಕೆಲವು ವರ್ಷ ಬಾಕಿಯಿರುವಾಗ ಪೆಟ್ಟಿಗೆ ಎತ್ತಿಕೊಂಡು ಹೊರಬಂದರು. ಯಾಕೆ ಬಿಟ್ರಿ ಎಂದರೆ, "ಕಾಯೋಕಾಗ್ಲಿಲ್ಲ" ಎನ್ನುವರು. ಆಮೇಲೆ ಒಂದು ಶಾಲೆಯಲ್ಲಿ ಪಾಠ ಹೇಳಿದರು. ಮೇಷ್ಟ್ರು ಎಂಬ ಹೆಸರು ಅಂಟಿದ್ದು ಅಲ್ಲಿ. ಅದನ್ನು ಯಾಕೆ ಬಿಟ್ರಿ? "ಗಂಟೆ ಹೊಡಿಯೋ ತನಕ ಕಾಯ್ಬೇಕಲ್ರೀ!"

ಆ ಶಾಲೆಯಲ್ಲೇ ಅವರಿಗೆ ಅವರ ಪದ ಸಿಕ್ಕಿತು. ಆ ಕತೆಯನ್ನು ಅವರು ಎಷ್ಟು ಜನಕ್ಕೆ ಹೇಳಿದ್ದರೋ! ಒಂದನೇ ಬೆಂಚಿನ ಹುಡುಗನೊಬ್ಬ ಕಿರುಬೆರಳೆತ್ತಿ, ಮೈ ಹಿಂಡಿಕೊಂಡು, "ಸಾರ್, ಅರ್ಜೆಂಟು" ಅಂದನಂತೆ. ಮೇಷ್ಟ್ರಿಗೆ ಥಟ್ಟನೆ ಗುರುಮಠದ ಲ್ಯಾಟಿನ್ ಪಾಠ ನೆನಪಾಯಿತು.

"ಉರ್ಜೇರೆ! ಲ್ಯಾಟಿನ್ನಲ್ಲಿ ಅದ್ರ ಅರ್ಥ ಬೇಗ ಅಂತ ಅಲ್ಲ ಸುಮಿತ್ರಮ್ನೋರೆ. ಒತ್ತೋದು. ಹಿಂದಿನಿಂದ ನೂಕೋದು, ಮೇಲಿಂದ ಅದುಮೋದು. ಅದರಲ್ಲಿ ಸ್ಪೀಡಿನ ಮಾತೇ ಇಲ್ಲ, ಭಾರದ ಮಾತು. ಇಂಗ್ಲಿಷ್‌ನೋರು ಅದನ್ನ ತಗೊಂಡು ಓಡಿಸಿಬಿಟ್ರು. ಆದ್ರೆ ಆ ಹುಡುಗ ಇದಾನಲ್ಲ, ಅವನು ಸರಿಯಾಗಿ ಹೇಳ್ದ. ಒಳಗಡೆ ಒತ್ತುತಾ ಇದೆ ಸಾರ್, ಅಂತ. ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ಹೇಳ್ದ!"

"ಆಮೇಲೆ ಅವನನ್ನ ಹೊರಗೆ ಬಿಟ್ರೋ ಇಲ್ವೋ?"

"ಅಷ್ಟೊತ್ತಿಗೆ ಲೇಟಾಗಿತ್ತು" ಎಂದು ಮೇಷ್ಟ್ರು ಮುಖ ಸಪ್ಪೆ ಮಾಡುತ್ತಿದ್ದರು. "ಪಾಪ. ನಾನು ಬೋರ್ಡಿನ ಮೇಲೆ ಬರೀತಾ ಇದ್ದೆ."

ಅಂದಿನಿಂದ ಅವರು ಆ ಪದದ ಬೆನ್ನು ಬಿದ್ದರು. ಇಟಲಿಯವರ ಉರ್ಜೆಂತೆ, ಸ್ಪೇನಿನವರ ಉರ್ಹೆಂತೆ, ಮೂಗಿನಲ್ಲಿ ಅರ್ಧ ನುಂಗುವ ಫ್ರೆಂಚರದ್ದು, ಎಲ್ಲ ಒಂದೇ ತಾಯಿಯ ಮಕ್ಕಳು. ಜರ್ಮನಿಯವರು ಮಾತ್ರ ಲ್ಯಾಟಿನ್ ಬಿಟ್ಟು ತಮ್ಮದೇ ಪದ ಇಟ್ಟುಕೊಂಡಿದ್ದಾರೆ, ಆದರೆ ಅದರ ಬೇರಿಗೆ ಹೋದರೂ ಒತ್ತುವುದೇ, ನುಗ್ಗುವುದೇ. ಇದನ್ನು ಹೇಳುವಾಗ ಮೇಷ್ಟ್ರ ಕಣ್ಣು ಹೊಳೆಯುತ್ತಿತ್ತು. ಯಾವ ದೇಶದಲ್ಲಿ ಹುಟ್ಟಿದರೂ ಮನುಷ್ಯನ ಬೆನ್ನ ಮೇಲೆ ಒಂದು ಕೈ ಇದ್ದೇ ಇದೆ ಎಂದು ಅವರಿಗೆ ಅನಿಸುತ್ತಿತ್ತು. ಆಮೇಲೆ ನಮ್ಮ ಅವಸರಕ್ಕೆ ಬರುತ್ತಿದ್ದರು: "ಸಂಸ್ಕೃತದಲ್ಲಿ ಅವಸರ ಅಂದ್ರೆ ಸಂದರ್ಭ. ಹಿಂದಿಯೋರಿಗೆ ಅದು ಸಿಕ್ಕಿದ ಅವಕಾಶ. ತೆಲುಗ್ನೋರಿಗೆ ಬೇಕಾದದ್ದು, ಅಗತ್ಯ. ನಮಗೂ ತಮಿಳ್ರಿಗೂ ಬರೀ ಓಟ. ದಕ್ಷಿಣಕ್ಕೆ ಬರ್ತಾ ಬರ್ತಾ ಆ ಪದಕ್ಕೆ ಉಬ್ಬಸ ಬಂದ್ಬಿಡ್ತು ನೋಡಿ!"

ಇದನ್ನೆಲ್ಲ ಒಂದು ಪುಸ್ತಕ ಮಾಡಬೇಕು ಎಂಬುದು ಅವರ ಆಸೆ. ದೊಡ್ಡದಲ್ಲ. ಒಂದು ಹಾಳೆ ಮಡಿಸಿದರೆ ಆಗುವ ನಾಲ್ಕು ಪುಟ. ಹೆಸರು 'ಅರ್ಜೆಂಟು'. ಜೀವಮಾನದಲ್ಲಿ ಊರಿನವರ ಹೆಸರೆಲ್ಲ ಅಚ್ಚು ಹಾಕಿದ ಮನುಷ್ಯ ತನ್ನ ಹೆಸರು ಒಂದು ಸಲ ಕಾಗದದ ಮೇಲೆ ನೋಡಬೇಕು ಎಂದುಕೊಂಡರೆ ತಪ್ಪೇನು?

ಆದರೆ ಆ ನಾಲ್ಕು ಪುಟ ಮುಗಿಯುತ್ತಲೇ ಇರಲಿಲ್ಲ. ಅದಕ್ಕೆ ಕಾರಣ ಅವರ ಕೆಲಸದ ರೀತಿ. ಆಗ ಸೀಸದ ಅಚ್ಚುಮೊಳೆಗಳ ಕಾಲ. ಒಂದೊಂದು ಅಕ್ಷರಕ್ಕೂ ಒಂದೊಂದು ಮೊಳೆ. ಅವನ್ನು ಮರದ ಖಾನೆಗಳಿಂದ ಹೆಕ್ಕಿ ಸಾಲಾಗಿ ಜೋಡಿಸಬೇಕು, ಪುಟವಾದ ಮೇಲೆ ದಾರ ಸುತ್ತಿ ಚಪ್ಪಡಿ ಕಲ್ಲಿನ ಮೇಲಿಡಬೇಕು, ಅಚ್ಚು ಹಾಕಿ, ಮತ್ತೆ ಬಿಚ್ಚಿ ಖಾನೆಗೆ ಹಾಕಬೇಕು. ದೊಡ್ಡ ಅಚ್ಚುಕೂಟದವರ ಬಳಿ ಮೊಳೆಗಳು ಮೂಟೆಗಟ್ಟಲೆ. ಮೇಷ್ಟ್ರ ಬಳಿ ಇದ್ದದ್ದು ಸವೆದ ಒಂದೇ ಒಂದು ಸೆಟ್ಟು. ಅದರಲ್ಲಿ ಚೆಂದದ ಮೊಳೆಗಳನ್ನೆಲ್ಲ ಆರಿಸಿ ತಮ್ಮ ಪುಟಕ್ಕೆ ಜೋಡಿಸಿಕೊಂಡಿರುತ್ತಿದ್ದರು. ಎರಡು ಪುಟ ಆಗುವಷ್ಟರಲ್ಲಿ ಯಾರೋ ಬಾಗಿಲಲ್ಲಿ: "ಸಾರ್, ಅರ್ಜೆಂಟು. ನಾಳಿದ್ದು ಗೃಹಪ್ರವೇಶ." ಮೇಷ್ಟ್ರು ಗೊಣಗುತ್ತಲೇ ತಮ್ಮ ಪುಟದ ದಾರ ಬಿಚ್ಚಿ, ಅದರ ಅಕ್ಷರಗಳನ್ನೇ ಕಿತ್ತು, ಆ ಗೃಹಪ್ರವೇಶಕ್ಕೆ ಜೋಡಿಸುವರು. ಮದುವೆಯ ದಿನಗಳಲ್ಲಂತೂ ಶ್ರೀಕಾರದ ಮೊಳೆಗಾಗಿ ಅವರ ಪುಸ್ತಕದ ಮೊದಲ ಸಾಲಿಗೇ ಕೈ ಬೀಳುತ್ತಿತ್ತು.

ಇನ್ನೊಂದು ಕಷ್ಟವೆಂದರೆ ಅವರು ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ತಲೆಯಿಂದ ನೇರ ಮೊಳೆಗೆ. "ಬರೆಯೋಕೆ ಕೂರ್ಬೇಕಲ್ರೀ" ಎನ್ನುವರು. ಹಾಗಾಗಿ ಬಿಚ್ಚಿದ ಪುಟ ಬಿಚ್ಚಿದ್ದೇ. ಮತ್ತೆ ಜೋಡಿಸುವಾಗ ಬೇರೆಯೇ ಮಾತು ಬರುತ್ತಿತ್ತು. ನನಗೆ ಓದಲು ಕೊಟ್ಟ ಪ್ರೂಫನ್ನಾದರೂ ಉಳಿಸುತ್ತಿದ್ದರೇ? ತಿದ್ದುಪಡಿ ಮುಗಿದದ್ದೇ ತಡ, ಅದೇ ಕಾಗದದಲ್ಲಿ ಕೈಮಸಿ ಒರೆಸಿ ಬುಟ್ಟಿಗೆಸೆಯುವರು.

"ಎರಡು ಪುಟ ಆದಾಗ್ಲೇ ಅಚ್ಚು ಹಾಕಿ ಇಟ್ಟುಬಿಡಿ ಮೇಷ್ಟ್ರೇ, ಉಳಿದದ್ದು ಆಮೇಲೆ ನೋಡೋಣ" ಎಂದು ನಾನು ಹೇಳಿ ನೋಡಿದೆ.

"ಅದಾಗಲ್ಲ. ಮೂರನೇ ಪುಟಕ್ಕೆ ಹೋದ್ರೆ ಒಂದನೇ ಪುಟ ತಪ್ಪು ಅಂತ ಗೊತ್ತಾಗುತ್ತೆ."

ಒಮ್ಮೆ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಕಡೆಯ ಯುವಕನೊಬ್ಬ ತನ್ನ ಹೊಸ ಖಾನಾವಳಿಯ ಕಾರ್ಡು ಮಾಡಿಸಲು ಬಂದ. "ಸರ, ಲಗೂನ ಮಾಡಿಕೊಡ್ರಿ. ಭಾಳ ಜರೂರ್ ಐತ್ರಿ." ಮೇಷ್ಟ್ರು ಕೆಲಸ ಬಿಟ್ಟು ಅವನ ಹೆಗಲ ಮೇಲೆ ಕೈ ಹಾಕಿ, ಲಗೂ ಎಂದರೆ ಹಗುರ, ಜರೂರ್ ಎಂದರೆ ಅಗತ್ಯ, ಒಂದು ಹೂವಿನಂತೆ, ಒಂದು ಕಲ್ಲಿನಂತೆ, ಎರಡನ್ನೂ ಒಂದೇ ಉಸಿರಲ್ಲಿ ಹೇಳಿದೆಯಲ್ಲಪ್ಪ ಎಂದು ಶುರುಮಾಡಿದರು. ಆ ಯುವಕ ಸ್ವಲ್ಪ ಹೊತ್ತು ಕೇಳಿ, "ಕಾರ್ಡ್ ಯಾವಾಗ ಕೊಡ್ತೀರಿ ಸರ?" ಎಂದ. ಸಂಜೆಗೇ ಕೊಟ್ಟರು, ತಮ್ಮ ಎರಡನೇ ಪುಟ ಬಿಚ್ಚಿ.

ಈ ತಮಾಷೆಯನ್ನು ದಿನವೂ ನೋಡುತ್ತಿದ್ದವಳು ತಾಯಮ್ಮಜ್ಜಿ. ಅಂಗಡಿ ಇದ್ದ ಕಟ್ಟಡದ ಮಾಲೀಕ ಮುನಿರಾಜುವಿನ ತಾಯಿ. ಬಡಾವಣೆ ಬರುವ ಮೊದಲು ಅಲ್ಲಿ ಇವರದೇ ರಾಗಿ ಹೊಲವಿತ್ತು. ಹೊಲ ಹೋಗಿ ಸೈಟುಗಳಾದವು, ಉಳಿದ ಚೂರಿನಲ್ಲಿ ಈ ಕಟ್ಟಡ ಎದ್ದಿತು. ಅಜ್ಜಿ ಮಾತ್ರ ಬೆಳಿಗ್ಗೆ ಬಿಸಿಲು ಬಂದ ಕೂಡಲೇ ಅಚ್ಚುಕೂಟದ ಮೆಟ್ಟಿಲ ಮೇಲೆ ಬಂದು ಕೂರುವಳು. "ನಮ್ಮ ಅವರೆ ಸಾಲು ಇಲ್ಲೇ ಇದ್ದಿದ್ದು, ಈ ಮೆಟ್ಲಿರೋ ಜಾಗ್ದಾಗೆ" ಎನ್ನುವಳು. ಎಲೆಯಡಿಕೆ ಕುಟ್ಟುತ್ತ ಒಳಗಿನ ಓಡಾಟ ನೋಡುವಳು.

"ಲೋ ಅರ್ಜೆಂಟು, ಒಂದ್ಗಳಿಗೆ ಕುಕ್ಕರ್ಸೋ. ನಿನ್ನ ನೋಡಿ ನೋಡಿ ನಂಗೇ ಕಾಲು ನೋವು ಬಂತು."

"ಕೂತ್ರೆ ಕೆಲ್ಸ ಯಾರಜ್ಜಿ ಮಾಡ್ತಾರೆ? ಅರ್ಜೆಂಟಿದೆ."

"ಅರ್ಜೆಂಟಂತೆ ಅರ್ಜೆಂಟು! ಉಳೋ ಎತ್ತಿಗೆ ಹಿಂದ್ಗಡೆಯಿಂದ ಬಾಲ ತಿರುಚ್ತಾರಲ್ಲ, ಅಂಗೆ ನಿನ್ನ ಬಾಲ ಯಾರು ತಿರುಚ್ತಾ ಅವ್ರೋ? ಹಿಂದ್ಕೆ ತಿರುಗಿ ನೋಡು, ಯಾರೂ ಇಲ್ಲ!"

ಮೇಷ್ಟ್ರು ಕೈಯಲ್ಲಿದ್ದ ಮೊಳೆಗಳನ್ನು ಅಲ್ಲೇ ಇಟ್ಟು ಹೊರಗೆ ಓಡಿಬಂದರು. "ಸುಮಿತ್ರಮ್ನೋರೆ, ಕೇಳಿದ್ರಾ? ಎತ್ತು, ನೇಗಿಲು, ಹಿಂದಿನಿಂದ ಅಟ್ಟೋದು! ಇದೂ ಉರ್ಜೇರೆನೇ. ಒಂದನೇ ಪುಟ ಬದಲಾಯಿಸ್ಬೇಕು!" ಅಜ್ಜಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ, "ಬೈದ್ರೂ ಖುಷಿ ಪಡೋ ಗಂಡಸ್ನ ನಾನು ಎಲ್ಲೂ ನೋಡ್ಲಿಲ್ಲ ಕಣವ್ವ" ಎಂದಳು.

ಹೊಸ ಶತಮಾನ ಬಂತು. ಜಯನಗರದ ತುಂಬ ಕಂಪ್ಯೂಟರಿನಲ್ಲಿ ಕಾರ್ಡು ಮಾಡುವ ಅಂಗಡಿಗಳಾದವು. ಫೋಟೋ ಸಮೇತ, ಬಣ್ಣ ಸಮೇತ, ಒಂದು ಗಂಟೆಯೊಳಗೆ. ಮೇಷ್ಟ್ರ ಬಾಗಿಲಲ್ಲಿ ಅರ್ಜೆಂಟು ಎನ್ನುವವರು ಕಡಿಮೆಯಾದರು. ಕೆಲಸ ಕಡಿಮೆಯಾದಷ್ಟೂ ಅವರ ಚಡಪಡಿಕೆ ಹೆಚ್ಚಾಯಿತು. ಖಾಲಿ ಅಚ್ಚುಯಂತ್ರಕ್ಕೆ ಎಣ್ಣೆ ಬಿಡುವರು, ರಸ್ತೆಗೆ ಬಂದು ಎರಡೂ ಕಡೆ ನೋಡುವರು, ಒಳಗೆ ಹೋಗಿ ಒರೆಸಿದ್ದನ್ನೇ ಒರೆಸುವರು. ಮುನಿರಾಜು ಹಳೇ ಕಟ್ಟಡ ಕೆಡವಿ ಬಿಲ್ಡರಿಗೆ ಕೊಡುವ ಮಾತಾಡಿದ್ದ. ಒಳ್ಳೆಯವನೇ, ತಾಯಿ "ನಾನಿರೋಗಂಟ ಆ ಅರ್ಜೆಂಟನ್ನ ಎಬ್ಬಿಸ್ಬ್ಯಾಡ" ಎಂದದ್ದಕ್ಕೆ ಎರಡು ಸಲ ಮುಂದಕ್ಕೆ ಹಾಕಿದ್ದ. ಕೊನೆಗೆ ಮೇಷ್ಟ್ರೇ ಹೇಳಿದರು, "ಬೇಡ ಮುನಿರಾಜು, ತಿಂಗಳ ಕೊನೆಗೆ ಬಿಡ್ತೀನಿ. ಆ ನಾಲ್ಕು ಪುಟ ಅಚ್ಚು ಹಾಕೋವರೆಗೆ ಟೈಮ್ ಕೊಡು ಸಾಕು."

ಗುಜರಿಯವನನ್ನೂ ಕರೆಸಿದರು. ಸೀಸಕ್ಕೆ ತೂಕದ ಬೆಲೆ. ಅವನು ಮುಂದಿನ ತಿಂಗಳು ಬರುತ್ತೇನೆ ಎಂದರೆ ಮೇಷ್ಟ್ರು ಕೇಳಬೇಕಲ್ಲ. "ಬರೋ ಗುರುವಾರವೇ ಬಂದ್ಬಿಡಪ್ಪ. ಅರ್ಜೆಂಟು. ನಾನಿದ್ರೂ ಸರಿ, ಇಲ್ದಿದ್ರೂ ಸರಿ, ಕಲ್ಲಿನ ಮೇಲಿರೋದು, ಖಾನೇಲಿರೋದು, ಏನಿದ್ರೂ ಎತ್ಕೊಂಡು ಹೋಗು." ಅವನ ಹಿಂದೆ ರಸ್ತೆಯ ಕೊನೆಯ ತನಕ ನಡೆದು ಮತ್ತೊಮ್ಮೆ ಹೇಳಿ ಬಂದರು. ಅಷ್ಟರಲ್ಲಿ ಪುಸ್ತಕ ಮುಗಿದಿರುತ್ತದೆ ಎಂಬ ಲೆಕ್ಕ ಅವರದು.

ನಿಜವಾಗಿಯೂ ಮುಗಿದಿತ್ತು. ಆ ಭಾನುವಾರ ಮೊದಲ ಸಲ ನಾಲ್ಕು ಪುಟಗಳೂ ಒಟ್ಟಿಗೆ, ಅಂಚಿಗೆ ದಾರ ಸುತ್ತಿ, ಕಲ್ಲಿನ ಮೇಲೆ ಮಲಗಿದ್ದವು. ನಾನು ಪ್ರೂಫ್ ಓದಿದೆ. ಒಂದನೇ ಪುಟದಲ್ಲಿ ಬೆರಳೆತ್ತಿದ ಹುಡುಗ, ಎರಡನೆಯದರಲ್ಲಿ ಲ್ಯಾಟಿನ್ನಿನ ಮಕ್ಕಳುಮರಿ, ಮೂರನೆಯದರಲ್ಲಿ ಅವಸರ, ನಾಲ್ಕನೆಯದರಲ್ಲಿ ತಾಯಮ್ಮಜ್ಜಿಯ ಎತ್ತು. ಎಷ್ಟು ಸೊಗಸಾಗಿತ್ತೆಂದರೆ ತಿದ್ದುವುದನ್ನು ಮರೆತು ಓದಿಕೊಂಡು ಹೋಗಿದ್ದೆ. ಕಾಗದ ಮಂಗಳವಾರ ಬರುವುದಿತ್ತು.

ಸೋಮವಾರ ಬೆಳಿಗ್ಗೆ ತಾಯಮ್ಮಜ್ಜಿ ಏಳಲಿಲ್ಲ.

ಮಣ್ಣು ಮಾಡಿ ಬಂದು ಮರುದಿನ ಬೆಳಿಗ್ಗೆ ಮುನಿರಾಜು ಅಂಗಡಿಗೆ ಬಂದ. ಕಣ್ಣು ಊದಿಕೊಂಡಿತ್ತು. "ತಿಥಿ ಕಾರ್ಡು ಜಯನಗರದಲ್ಲಿ ಮಾಡಿಸ್ತೀನಿ ಮೇಷ್ಟ್ರೇ, ನೀವು ನಿಮ್ಮ ಪುಸ್ತಕ ಮುಗಿಸ್ಕೊಳಿ. ಇದೇನೂ ಅರ್ಜೆಂಟಿಲ್ಲ."

ಅಷ್ಟು ವರ್ಷಗಳಲ್ಲಿ ಆ ಬಾಗಿಲಲ್ಲಿ ನಿಂತು ಅರ್ಜೆಂಟಿಲ್ಲ ಎಂದ ಗಿರಾಕಿ ಅವನೊಬ್ಬನೇ. ಮೇಷ್ಟ್ರು ಖಾನೆಗಳ ಕಡೆ ತಿರುಗಿದರು. "ಇಲ್ಲಪ್ಪ, ಅರ್ಜೆಂಟಿದೆ" ಎಂದರು.

ಖಾನೆಯ ಮೊಳೆಗಳು ಸವೆದು ಮೂಗುಮುರಿದಿದ್ದವು. ಅವುಗಳಲ್ಲಿ ಅಜ್ಜಿಯ ಹೆಸರು ಜೋಡಿಸಲು ಅವರಿಗೆ ಮನಸ್ಸಾಗಲಿಲ್ಲ. ಕಲ್ಲಿನ ಬಳಿ ಹೋದರು. ನಾನು ಅಡ್ಡ ನಿಂತೆ. "ಮೇಷ್ಟ್ರೇ, ಬೇಡಿ. ಇವತ್ತು ಕಾಗದ ಬರುತ್ತೆ. ಮೊದಲು ಇದನ್ನ ಅಚ್ಚು ಹಾಕಿ. ತಿಥಿ ಕಾರ್ಡು ಯಾರು ಇಟ್ಕೋತಾರೆ? ಓದಿದ ತಕ್ಷಣ ಬಾಗಿಲಾಚೇನೇ ಹರಿದು ಹಾಕ್ತಾರೆ, ಒಳಗೂ ತರಲ್ಲ."

"ಗೊತ್ತಲ್ಲ, ನಾನೇ ಎಷ್ಟು ಮಾಡಿಲ್ಲ" ಎಂದರು. ನಾಲ್ಕನೇ ಪುಟದ ದಾರ ಬಿಚ್ಚಿದರು, ಅಜ್ಜಿಯ ಎತ್ತು ಇದ್ದ ಪುಟ. ಆಮೇಲೆ, ನಾನು ಯಾವತ್ತೂ ನೋಡಿರದ ಕೆಲಸ ಮಾಡಿದರು. ಮೂಲೆಯಲ್ಲಿ ಕಾಗದದ ಕಟ್ಟು ಹೊತ್ತು ನಿಂತಿದ್ದ ಕುರ್ಚಿಯನ್ನು ಖಾಲಿ ಮಾಡಿ, ಎಳೆದುಕೊಂಡು, ಕೂತರು.

ಒಂದೊಂದೇ ಮೊಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದರು. ಕಾಲು ಅಲುಗಲಿಲ್ಲ. ಹೊರಗೆ ಆಟೋಗಳು ಹಾರನ್ ಹೊಡೆಯುತ್ತಿದ್ದವು, ಪಕ್ಕದ ಅಂಗಡಿಯ ರೇಡಿಯೋ ಕೂಗುತ್ತಿತ್ತು, ಅವರು ತಲೆಯೆತ್ತಲಿಲ್ಲ. ನನಗೇ ಚಡಪಡಿಕೆಯಾಗಿ ಒಳಗೂ ಹೊರಗೂ ಓಡಾಡಿದೆ. ಕಾಗದದವನು ಬಂದು ಕಟ್ಟು ಇಳಿಸಿ ಹೋದ, ಅದನ್ನೂ ನೋಡಲಿಲ್ಲ.

"ಅರ್ಜೆಂಟು ಅಂದ್ರಿ, ಹೀಗೆ ಕೂತಿದೀರಲ್ಲ" ಎಂದೆ ತಡೆಯಲಾರದೆ.

"ಅರ್ಜೆಂಟು ಅಂತಾನೇ ಕೂತಿದೀನಿ" ಎಂದರು. "ಭಾರ ಅಂತ ಹೇಳಿರ್ಲಿಲ್ವಾ ನಿಮಗೆ?"

ಮಧ್ಯಾಹ್ನದ ಹೊತ್ತಿಗೆ ಕಾರ್ಡು ಆಯಿತು. ಅಂಚಿಗೆ ಬರೀ ಒಂದು ಕಪ್ಪು ಗೆರೆ, ನಡುವೆ ಅಜ್ಜಿಯ ಹೆಸರು. ಅಷ್ಟು ತಿಳಿಯಾದ ಅಚ್ಚು ಆ ಯಂತ್ರದಿಂದ ಬಂದದ್ದನ್ನು ನಾನು ಕಂಡಿರಲಿಲ್ಲ. ಅಚ್ಚು ಹಾಕುವ ಮೊದಲು ಮಸಿ ಒರೆಸಲು ಅವರ ಕೈಗೆ ಸಿಕ್ಕಿದ್ದು ಭಾನುವಾರದ ಪ್ರೂಫು. ಅಭ್ಯಾಸ, ನೋಡಲೂ ಇಲ್ಲ, ಅಕ್ಷರ ಕಾಣದಷ್ಟು ಕಪ್ಪಾಗಿ ಅದು ಬುಟ್ಟಿಗೆ ಬಿತ್ತು.

ಬುಧವಾರ ಹತ್ತಿರದ ನೆಂಟರಿಗೆ, ಗುರುವಾರ ದೂರದ ನೆಂಟರಿಗೂ ಬಡಾವಣೆಯ ಮನೆಗಳಿಗೂ ಎಂದು ಮುನಿರಾಜುವಿನ ಮನೆಯವರು ಕಾರ್ಡು ಹಂಚಿಕೊಂಡರು. ಅಜ್ಜಿಯ ಉತ್ತರಹಳ್ಳಿಯ ಮಗಳ ಮನೆಗೆ, ಕೋಣನಕುಂಟೆಯ ತವರಿಗೆ ನಾನೇ ಕೊಟ್ಟು ಬರುತ್ತೇನೆ, ನಾಲ್ಕನೇ ಪುಟ ಬಂದು ಮತ್ತೆ ಜೋಡಿಸಿದರಾಯಿತು ಎಂದು ಮೇಷ್ಟ್ರು ಸೈಕಲ್ ಹತ್ತಿ ಹೊರಟರು. ಕೂತಿದ್ದ ಒಂದು ಬೆಳಗಿನ ಸಾಲವನ್ನೆಲ್ಲ ತೀರಿಸುವವರ ಹಾಗೆ ತುಳಿಯುತ್ತ ಹೋದರು. ಯಾವ ವಾರ ಎಂಬುದು ಅವರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ.

ನಾನು ಸಂಜೆ ಹೋದಾಗ ಅಂಗಡಿ ಬೋಳಾಗಿತ್ತು. ಗುಜರಿಯವನು ಮಾತಿಗೆ ಸರಿಯಾಗಿ ಬಂದು, ಹೇಳಿದಂತೆಯೇ ಎಲ್ಲವನ್ನೂ ಎತ್ತಿಕೊಂಡು ಹೋಗಿದ್ದ. ಖಾನೆಗಳು, ಯಂತ್ರ, ಕಲ್ಲಿನ ಮೇಲಿದ್ದ ಮೂರು ಪುಟ. ಉಳಿದದ್ದು ಗುಜರಿಗೆ ಬೇಡವಾದ ಆ ಮುರುಕು ಕುರ್ಚಿ, ಅಚ್ಚು ಕಾಣದ ಕಾಗದದ ಕಟ್ಟು, ನೆಲದ ಮೇಲೆ ಒಣಗಿದ ಕಾಫಿಯ ಹನಿಗಳು. ಮೇಷ್ಟ್ರು ಮಧ್ಯದಲ್ಲಿ ನಿಂತಿದ್ದರು.

"ಎಲ್ಲಿ ಇರ್ತಾನೆ ಅವನು? ಹೋಗಿ ಕೇಳೋಣ" ಎಂದೆ.

"ಹೋಗಿ ಬಂದೆ. ಕರಗಿಸೋರ ಕೈಗೆ ಆಗಲೇ ಕೊಟ್ಬಿಟ್ಟಿದಾನೆ. ನನಗೇ ಹೇಳ್ದ: ನೀವೇ ತಾನೇ ಸಾರ್ ಅರ್ಜೆಂಟು ಅಂದಿದ್ದು?" ಎಂದು ಮೇಷ್ಟ್ರು ನಕ್ಕರು. ನಗು ಅರ್ಧಕ್ಕೆ ನಿಂತಿತು, ಖಾನೆಗಳಿದ್ದ ಜಾಗದ ಕಡೆ ಕೈಗಳು ಹೋಗಿ ವಾಪಸಾದವು. ಆ ಸಂಜೆ ಮನೆಗೆ ಬಂದಾಗ ನಮ್ಮ ಗೇಟಿನ ಮೇಲೂ ಅಜ್ಜಿಯ ಕಾರ್ಡು ಸಿಕ್ಕಿಸಿತ್ತು. ಹೊರಗೇ ನಿಂತು ಓದಿದೆ. ಇಟ್ಟುಕೊಳ್ಳುವ ಆಸೆ ತುಂಬ ಇತ್ತು. ಒಳಗಿಂದ ನಮ್ಮತ್ತೆ, "ಅದನ್ನ ಹರಿದು ಹಾಕಿ ಕಾಲು ತೊಳ್ಕೊಂಡು ಬಾಮ್ಮ" ಎಂದರು. ಹರಿದೆ.

ಆಮೇಲೆ ಮೇಷ್ಟ್ರು ಕೋಣನಕುಂಟೆಯ ಕಡೆ ಮಗನ ಮನೆಗೆ ಹೋದರು. ಕೆಲವು ವರ್ಷಗಳ ಬಳಿಕ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ, ಸತ್ತವರಿಗಾಗಿ ಚರ್ಚಿನಲ್ಲಿ ಮಾಡಿಸುವ ಪೂಜೆಯ ಕಾರ್ಡಿನ ಮೂಲಕ ಬಂತು. ಕಂಪ್ಯೂಟರಿನ ಬಣ್ಣದ ಕಾರ್ಡು. ಅದರಲ್ಲಿದ್ದ ಫೋಟೋ ಸ್ವಲ್ಪ ಮಸುಕು, ತೆಗೆಯುವಾಗ ಅಲುಗಾಡಿರಬೇಕು. ಅತ್ತೆ ಆಗ ಇರಲಿಲ್ಲ. ಆ ಕಾರ್ಡನ್ನು ನಾನು ಹರಿಯಲಿಲ್ಲ.

ಆದರೆ ಅವರೆಂದರೆ ನನಗೆ ಕಣ್ಣಿಗೆ ಕಟ್ಟುವುದು ಆ ಫೋಟೋ ಅಲ್ಲ. ಅದಕ್ಕೂ ಮೊದಲು ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಸಿಕ್ಕಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಾಲು ಮಾತ್ರ ಹಾಗೆಯೇ ಕುಣಿಯುತ್ತಿತ್ತು. "ಮತ್ತೆ ಬರೀರಿ ಮೇಷ್ಟ್ರೇ. ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ" ಎಂದೆ. ಅವರು ಖುಷಿಯಾಗಿಬಿಟ್ಟರು. "ಬರ್ಕೋತೀರಾ? ಹಾಗಾದ್ರೆ ಕೇಳಿ. ಈ ಸಲ ಹುಡುಗನಿಂದ ಶುರು ಮಾಡಲ್ಲ. ಮೊದಲ ಸಾಲು ಹೀಗಿರ್ಬೇಕು..."

ಅಷ್ಟರಲ್ಲಿ ಬಸ್ಸು ಬಂತು. ಆಫೀಸು ಬಿಟ್ಟ ಜನ ಒಮ್ಮೆಗೇ ನುಗ್ಗಿದರು. ಮೇಷ್ಟ್ರು ಬೆರಳೆತ್ತಿ ಏನೋ ಹೇಳುತ್ತಲೇ ಇದ್ದರು, ಹಿಂದಿನವರ ಕೈಗಳು ಅವರ ಬೆನ್ನಿಗೆ ಬಿದ್ದವು, ಕಾಲು ನೆಲ ಬಿಟ್ಟಿತು, ಮೆಟ್ಟಿಲು ಹತ್ತುವ ಶ್ರಮವೂ ಇಲ್ಲದೆ ಒಳಗೆ ಹೋದರು. ಬಾಗಿಲ ಸಂದಿಯಲ್ಲಿ ಬಿಳಿ ತಲೆಯೊಂದು ತಿರುಗಿ ನನ್ನನ್ನು ಹುಡುಕಿತು. ಮುಖದ ತುಂಬ ನಗು.

"ಸುಮಿತ್ರಮ್ನೋರೆ, ನೋಡ್ಕೊಳಿ! ಇದೇ! ಇದೇ ಲ್ಯಾಟಿನ್ನು!"

ಬಸ್ಸು ಹೊರಟಿತು. ಮೊದಲ ಸಾಲು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.